ಕ್ರಿಯೇಟಿನಿನ್ ಏರಿದೆ, ನೀರಿಳಿಸುವ ಇಂಜೆಕ್ಷನ್ ನಿಲ್ಲಿಸಿ ಅಂತ ಕೇಳಬೇಕಾ?

ಹಾರ್ಟ್ ಫೇಲ್ಯೂರ್ ಆಗಿ ಸೇರಿಸಿದ ತಂದೆಗೆ ಮೂರು ದಿನದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಸ) 1.2ರಿಂದ 1.7 ಆಯಿತು, ಇಂಜೆಕ್ಷನ್ನೇ ಕಿಡ್ನಿ ಹಾಳು ಮಾಡುತ್ತಿದೆ ಅಂದಿದ್ದೀರಿ. ಇದೇ ಮಾತನ್ನು ಇದೇ ಸಿಟ್ಟಿನಲ್ಲಿ ನಾನೂ ಆಡಿದ್ದೆ.

ನಮ್ಮಪ್ಪನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲಿನ ಮೇಲೆ ಬೆರಳೊತ್ತಿದರೆ ಬಿದ್ದ ಗುಂಡಿ ಹಾಗೇ ಉಳಿಯುತ್ತಿತ್ತು. ಫ್ಯೂರೋಸೆಮೈಡ್ ಅನ್ನುವ ಇದೇ ನೀರಿಳಿಸುವ ಇಂಜೆಕ್ಷನ್ ಶುರು ಮಾಡಿದರು, ದಿನಕ್ಕೆ ಒಂದು ಲೀಟರ್‌ಗಿಂತ ಜಾಸ್ತಿ ನೀರು ಬೇಡ ಅಂದರು. ಎರಡನೇ ದಿನ ಕ್ರಿಯೇಟಿನಿನ್ ಏರಿತು. 48 ಗಂಟೆಯಲ್ಲಿ 0.3 ಏರಿದರೂ ಕಿಡ್ನಿಗೆ ಪೆಟ್ಟು ಅಂತ ಲೆಕ್ಕ, ಹಾಗಂತ ಮೊಬೈಲಿನಲ್ಲಿ ಓದಿದೆ. ನೀರಿಲ್ಲದೆ ಕಿಡ್ನಿ ಒಣಗುತ್ತಿದೆ ಅಂತ ನಾನೇ ತೀರ್ಮಾನಿಸಿಬಿಟ್ಟೆ.

ಕದ್ದು ನೀರು ಕುಡಿಸಿದೆ. ನರ್ಸ್ ಆಚೆ ಹೋದಾಗ ಅರ್ಧ ಲೋಟ, ರಾತ್ರಿ ಮತ್ತೆರಡು ಲೋಟ. ಅಪ್ಪನಿಗೂ ಬಾಯಾರಿಕೆ, ಬೇಡ ಅನ್ನಲಿಲ್ಲ. ಆದರೆ ಒಳಗೆ ಹೋದ ನೀರು, ಹೊರಗೆ ಬಂದ ಮೂತ್ರ ಎರಡನ್ನೂ ಬರೆಯುವ ಚಾರ್ಟ್ ಮಂಚದ ತುದಿಯಲ್ಲೇ ನೇತಾಡುತ್ತಿತ್ತಲ್ವಾ, ಅದರಲ್ಲಿ ನನ್ನ ಲೋಟಗಳಿರಲಿಲ್ಲ. ಚಾರ್ಟ್ ಪ್ರಕಾರ ಅರ್ಧ ಲೀಟರ್ ಹೊರಗೆ ಹೋಗಿತ್ತು, ತೂಕ ಮಾತ್ರ ಇಳಿದಿರಲಿಲ್ಲ. ಔಷಧಿ ನಾಟುತ್ತಿಲ್ಲ ಅಂದುಕೊಂಡು ಡಾಕ್ಟರ್ ಡೋಸ್ ದುಪ್ಪಟ್ಟು ಮಾಡಿದರು. ಯಾವ ಔಷಧಿಗೆ ಹೆದರಿದ್ದೆನೋ ಅದನ್ನೇ ಜಾಸ್ತಿ ಮಾಡಿಸಿದ್ದು ನಾನು! ರಕ್ತದ ಸೋಡಿಯಂ ಇಳಿಯಿತು, ಕ್ರಿಯೇಟಿನಿನ್ 2.1 ಮುಟ್ಟಿತು. ಕೊನೆಗೆ ದಿಂಬಿನ ಪಕ್ಕದ ಲೋಟ ನೋಡಿ ನರ್ಸ್ ಹಿಡಿದರು.

ಕಿಡ್ನಿ ಒಣಗಿರಲೇ ಇಲ್ಲ. ಹೃದಯ ಸೋತರೆ ರಕ್ತ ಹಿಂದೆ ನಿಲ್ಲುತ್ತದೆ, ಕಿಡ್ನಿಯಿಂದ ಹೊರಡುವ ರಕ್ತನಾಳದಲ್ಲೂ ಒತ್ತಡ ಏರುತ್ತದೆ, ಸೋಸುವ ಕೆಲಸ ಕುಂಟುತ್ತದೆ. ನಾನು ಮಾಡಿದ್ದು ಕಟ್ಟಿಕೊಂಡ ಬಚ್ಚಲಿಗೆ ಇನ್ನೂ ಎರಡು ಬಕೆಟ್ ಸುರಿದ ಕೆಲಸ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ನಿಲ್ಲಿಸಬೇಕಾ ಅಂತಲ್ಲ, ನೀರು ಇಳಿಯುತ್ತಿದೆಯಾ ಅಂತ ಕೇಳಿ. ತೂಕ ಇಳಿದು ಉಸಿರು ಹಗುರವಾಗುತ್ತಿದ್ದರೆ ಕ್ರಿಯೇಟಿನಿನ್ ಸ್ವಲ್ಪ ಏರಿದ್ದು ಎಷ್ಟೋ ಸಲ ತಾತ್ಕಾಲಿಕ. ಇದೇ ಔಷಧಿಯ ಕಮ್ಮಿ ಡೋಸ್, ಜಾಸ್ತಿ ಡೋಸ್ ಎರಡನ್ನೂ ಹೋಲಿಸಿದ 2011ರ 'ಡೋಸ್' ಅಧ್ಯಯನದಲ್ಲಿ 308 ಹಾರ್ಟ್ ಫೇಲ್ಯೂರ್ ರೋಗಿಗಳಿದ್ದರು. ಜಾಸ್ತಿ ಡೋಸ್ ಪಡೆದವರಲ್ಲಿ ಮೊದಲ ಮೂರು ದಿನ ಹೆಚ್ಚು ಜನರಿಗೆ ಕ್ರಿಯೇಟಿನಿನ್ ಏರಿತ್ತು. 60 ದಿನ ಕಳೆದ ಮೇಲೆ ನೋಡಿದರೆ ಕಿಡ್ನಿ ವಿಷಯದಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಊತ ಹಾಗೇ ಇದ್ದು, ಮೂತ್ರ ಕಮ್ಮಿಯಾಗಿ, ಬಿಪಿಯೂ ಬೀಳುತ್ತಿದ್ದರೆ ಮಾತ್ರ ಸುಮ್ನೆ ಕೂರಬೇಡಿ. ಕಿಡ್ನಿ ಡಾಕ್ಟರನ್ನು ಇವತ್ತೇ ಕರೆಸಿ ಅನ್ನಿ. ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ್ದು ನುಂಗುತ್ತಿದ್ದರೆ ಅದನ್ನೂ ಹೇಳಿ. ಅದು ಹೃದಯಕ್ಕೂ ಕಿಡ್ನಿಗೂ ಕೆಟ್ಟದ್ದು.

ಮನೆಗೆ ಬರುವಾಗ ಅಪ್ಪನ ಕ್ರಿಯೇಟಿನಿನ್ 1.4. ಈಗ ದಿನಾ ಬೆಳಿಗ್ಗೆ ತೂಕ ನೋಡುವುದೂ ಅವರೇ, ಬರೆಯುವುದೂ ಅವರೇ. ಆ ಪುಸ್ತಕ ನನ್ನ ಕೈಗೆ ಕೊಡುವುದಿಲ್ಲ.