ಟೀಚರ್‌ಗೊಂದು ಪ್ರಶ್ನೆ: ಹೊಸ ಮನೆ ಬಂದಮೇಲೂ ಹಳೆ ತೋಟದ ಬಸ್

ಪ್ರಶ್ನೆ: ಟೀಚರ್, ನಮ್ಮದು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದು ಮನೆ ಹೋಯಿತು, ಅರ್ಧ ತೋಟವೂ ಹೋಯಿತು. ಈಗ ಹೊಸ ಬಡಾವಣೆಯಲ್ಲಿದ್ದೇವೆ. ಮನೆ ಚೆನ್ನಾಗಿದೆ. ಅಕ್ಕಪಕ್ಕದವರು ಮಾತ್ರ ಯಾರೂ ನಮ್ಮೂರಿನವರಲ್ಲ. ಮಾವ ಬೆಳಗಾದರೆ ಬಸ್ ಹತ್ತಿ ಹಳೆ ಜಾಗಕ್ಕೆ ಹೋಗುತ್ತಾರೆ. ಉಳಿದ ಕಾಫಿ ಗಿಡ ನೋಡಿಕೊಂಡು, ಮಳೆ ಅಳತೆ ಬರೆದುಕೊಂಡು ಸಂಜೆ ಬರುತ್ತಾರೆ. ಈಗ ಅಲ್ಲೇ ಶೆಡ್ ಹಾಕಿಕೊಂಡು ಇರುತ್ತೇನೆ ಅಂತ ಹಟ. ಜಪಾನಿನವರು ಯುದ್ಧ, ಭೂಕಂಪ ಎಲ್ಲ ಮರೆತು ಎದ್ದು ನಿಂತರು, ಅಪ್ಪ ಯಾಕೆ ಹೀಗೆ ಅಂತ ನಮ್ಮ ಯಜಮಾನರಿಗೆ ಬೇಜಾರು. ಮಾವನಿಗೆ ಹೇಗೆ ಬುದ್ಧಿ ಹೇಳಲಿ?
— ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಬುದ್ಧಿ ಹೇಳುವ ಕೆಲಸ ಸ್ವಲ್ಪ ದಿನ ಪಕ್ಕಕ್ಕಿಡಿ. ಅವರು ಮಾಡುತ್ತಿರುವುದರಲ್ಲಿ ಮುಕ್ಕಾಲು ಪಾಲು ಸರಿಯಾಗಿದೆ. ಶೆಡ್ ಒಂದು ಬೇಡ, ಅದಕ್ಕೆ ಆಮೇಲೆ ಬರುತ್ತೇನೆ.

ಯಜಮಾನರಿಗೆ ಜಪಾನಿನ ಕಥೆ ಪೂರ್ತಿ ಹೇಳಿ. 1995ರ ಜನವರಿ 17ರಂದು ಕೋಬೆ ನಗರದಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಬೇಗನೇ ತಾತ್ಕಾಲಿಕ ಮನೆ ಕಟ್ಟಿತು. ವಯಸ್ಸಾದವರಿಗೆ ಮೊದಲು ಅಂತ ಚೀಟಿ ಎತ್ತಿ ಹಂಚಿದರು. ಉದ್ದೇಶ ಒಳ್ಳೆಯದೇ. ಆದರೆ ಅಜ್ಜಿ ಒಂದು ಕಡೆ, ಅವರ ನೆರೆಮನೆಯವರು ಇನ್ನೊಂದು ಕಡೆ ಆದರು. ಆ ಮನೆಗಳಲ್ಲಿ ಎಷ್ಟೋ ಮಂದಿ ಒಂಟಿಯಾಗಿಯೇ ಸತ್ತರು. ಕೆಲವರು ಸತ್ತದ್ದು ದಿನಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ‘ಏನಜ್ಜಿ, ಊಟ ಆಯ್ತಾ’ ಅಂತ ಬಾಗಿಲು ತಟ್ಟುವವರು ಅಲ್ಲಿ ಇರಲಿಲ್ಲ.

2004ರ ಅಕ್ಟೋಬರ್‌ನಲ್ಲಿ ನೀಗಾಟ ಪ್ರಾಂತ್ಯ ನಡುಗಿದಾಗ ಬೇರೆ ದಾರಿ ಹಿಡಿದರು. ಅಲ್ಲಿ ಯಾಮಕೋಶಿ ಅಂತ ಒಂದು ಬೆಟ್ಟದ ಹಳ್ಳಿ. ಮೆಟ್ಟಿಲು ಗದ್ದೆ, ಬಣ್ಣದ ಮೀನಿನ ಕೊಳ, ಹೋರಿ ಕಾಳಗ. ಬರೆಗಳೆಲ್ಲ ಜಾರಿ ರಸ್ತೆಯೇ ಇಲ್ಲದಂತಾಯಿತು. ನಮ್ಮ ಮುಕ್ಕೋಡ್ಲು, ಕಾಲೂರು ಕಡೆ ಆಯ್ತಲ್ಲ, ಹಾಗೇ. ಇಡೀ ಊರಿನ ಜನರನ್ನು ಹೆಲಿಕಾಪ್ಟರ್‌ನಲ್ಲಿ ಹೊರಗೆ ತಂದರು. ಪಕ್ಕದ ನಾಗವೋಕಾ ನಗರದಲ್ಲಿ ತಾತ್ಕಾಲಿಕ ಮನೆ ಕೊಡುವಾಗ ಕೇರಿಗೆ ಕೇರಿಯನ್ನೇ ಒಟ್ಟಿಗೆ ಇಟ್ಟರು. ಜನ ಅಲ್ಲಿಂದಲೇ ಗದ್ದೆಗೆ ಹೋಗಿ ಬಂದು ಮಾಡಿದರು. ಮೂರು ವರ್ಷದಲ್ಲಿ ಬಹುಪಾಲು ಮಂದಿ ಬೆಟ್ಟಕ್ಕೆ ವಾಪಸ್ಸಾದರು. ನಿಮ್ಮ ಮಾವ ಬಸ್ ಹತ್ತುವುದೂ ಅದೇ ಕೆಲಸಕ್ಕೆ ಅಲ್ವಾ?

ನಮ್ಮ ದೇಶದಲ್ಲೂ ಎರಡು ಥರ ನಡೆದಿದೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಜನ ಗಣಪತಿ ಬಿಟ್ಟು ಬಂದು ಮಲಗಿದ್ದರು. ಬೆಳಗಿನ ಜಾವ ಕಲ್ಲು ಮಣ್ಣಿನ ಗೋಡೆ ಮೈಮೇಲೆ ಬಿದ್ದು ಸುತ್ತಲಿನ ಊರುಗಳಲ್ಲಿ ಹತ್ತಿರ ಹತ್ತಿರ 10,000 ಜನ ಹೋದರು. ಆಮೇಲೆ ಗೀಟು ಎಳೆದ ಹಾಗೆ ಅಗಲ ರಸ್ತೆ, ಸಾಲು ಮನೆಯ ಹೊಸ ಊರು ಕಟ್ಟಿಕೊಟ್ಟರು. ದನ ಎಲ್ಲಿ ಕಟ್ಟೋದು, ಹೊಲ ಎಷ್ಟು ದೂರ ಆಗುತ್ತೆ ಅನ್ನುವ ಯೋಚನೆ ಹಿಂದೆ ಬಿತ್ತು. 2001ರ ಭೂಕಂಪದ ಮೇಲೆ ಗುಜರಾತಿನಲ್ಲಿ ಹೆಚ್ಚಿನ ಕಡೆ ಕಂತಿನಲ್ಲಿ ದುಡ್ಡು ಕೊಟ್ಟು, ಎಂಜಿನಿಯರ್ ನೋಡಿಕೊಂಡು, ಮನೆಯವರಿಂದಲೇ ಕಟ್ಟಿಸಿದರು. ನನಗೆ ಕೇಳಿದರೆ ಅದೇ ಮೇಲು.

ನಮ್ಮ ಕೊಡಗಿನಲ್ಲೂ 2018ರಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮನೆಗಳು ಎದ್ದವು. ಅದು ಸಣ್ಣ ಕೆಲಸ ಅಂತ ನಾನು ಹೇಳಲ್ಲ. ಆದರೆ ಜೀವನವಿಡೀ ತೋಟ ಮಾಡಿದವರು ಬಡಾವಣೆಯಲ್ಲಿ ಬೆಳಗ್ಗೆ ಎದ್ದು ಏನು ಮಾಡಬೇಕು? (ಲೈನ್ ಮನೆಯಲ್ಲಿದ್ದ, ಅಂದರೆ ಎಸ್ಟೇಟಿನ ಸಾಲು ಮನೆಯಲ್ಲಿದ್ದ ಕೂಲಿ ಕಾರ್ಮಿಕರ ಪಾಡು ಇನ್ನೂ ಬೇರೆ. ಕಳೆದುಕೊಂಡೆ ಅಂತ ತೋರಿಸಲು ಅವರ ಹೆಸರಿನಲ್ಲಿ ಜಾಗವೇ ಇರಲಿಲ್ಲ.)

ಈಗ ಶೆಡ್. ಒಮ್ಮೆ ಜಾರಿದ ಬರೆ ಮತ್ತೆ ಜಾರಬಹುದು. ಮಳೆಗಾಲದಲ್ಲಿ ಅಲ್ಲಿ ಒಂದು ರಾತ್ರಿಯೂ ಮಲಗುವುದು ಬೇಡ. ಕತ್ತಿ, ಗುದ್ದಲಿ ಇಡಲು ಬೇಕಾದರೆ ಕುಸಿದ ಜಾಗದ ಕೆಳಗೂ ಅಂಚಿಗೂ ಬಿಟ್ಟು ಬೇರೆ ಕಡೆ ಹಾಕಲಿ. ಇದನ್ನು ಒಪ್ಪಿಸಲು ಅವರ ಮಳೆ ಪುಸ್ತಕವನ್ನೇ ಹಿಡಿಯಿರಿ. ದಿನಕ್ಕೆ ಇಷ್ಟು ಇಂಚು ದಾಟಿದರೆ, ಇಷ್ಟು ದಿನ ಬಿಡದೆ ಸುರಿದರೆ ತೋಟಕ್ಕೆ ಹೋಗಲ್ಲ ಅಂತ ಅವರ ಕೈಯಲ್ಲೇ ಬರೆಸಿ. ಸೊಸೆ ಮಾತು ಕೇಳದವರು ಮಳೆಯ ಇಂಚು-ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕ ಕೇಳುತ್ತಾರೆ! ಹಗಲಲ್ಲೂ ಅಷ್ಟೇ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನೆಲ ಬಿರಿದರೆ, ಮರ ವಾಲಿದರೆ ಅಲ್ಲಿ ನಿಲ್ಲಬಾರದು.

ಇನ್ನೊಂದು. ಹಳೆ ಊರಿನವರು ಎಲ್ಲೆಲ್ಲಿ ಚದುರಿದ್ದಾರೋ ಫೋನ್ ಮಾಡಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಊರ ಮಂದ್‌ನಲ್ಲೇ (ಊರವರು ಸೇರುವ ಬಯಲಿನಲ್ಲೇ) ಸೇರಿ. ಮಾವನ ಜೊತೆ ಯಜಮಾನರೂ ಆ ದಿನ ಬಸ್ ಹತ್ತಲಿ.

ಪ್ರಶ್ನೆ: ಹಿರೋಶಿಮಾದ ಮೇಲೆ ಅಣುಬಾಂಬ್ ಬಿತ್ತಲ್ಲ ಮಿಸ್, ಈಗ ಅಲ್ಲಿ ಜನ ಹೇಗೆ ಇದ್ದಾರೆ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಬಾಂಬ್ ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ. ಹಾಗಾಗಿ ಮಣ್ಣಿನಲ್ಲಿ ಉಳಿದ ವಿಕಿರಣ ಬೇಗ ಇಳಿಯಿತು. ಬದುಕಿ ಉಳಿದವರಲ್ಲಿ ಎಷ್ಟೋ ಜನರಿಗೆ ಮಾತ್ರ ವರ್ಷಗಳ ಮೇಲೆ ಕ್ಯಾನ್ಸರ್ ಬಂತು, ಅದನ್ನು ಮರೆಯಬೇಡ. 1945ರ ಆಗಸ್ಟ್ 6ರಂದು ಊರು ಸುಟ್ಟಿತು. ಆಗಸ್ಟ್ 9ಕ್ಕೆ ಒಂದು ಸಣ್ಣ ದಾರಿಯಲ್ಲಿ ಟ್ರಾಮ್ ಮತ್ತೆ ಓಡಿತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಆ ಊರಿನ ಟ್ರಾಮ್‌ಗಳಲ್ಲಿ ಹೆಚ್ಚುಕಡಿಮೆ ನಿನ್ನ ವಯಸ್ಸಿನ ಹುಡುಗಿಯರೇ ಕೆಲಸ ಮಾಡುತ್ತಿದ್ದರು.

ಪುಸ್ತಕದಲ್ಲಿ ಜಾಸ್ತಿ ಬರದ ಸಂಗತಿ ಒಂದಿದೆ. ಮರುತಿಂಗಳು, ಸೆಪ್ಟೆಂಬರ್ 17ರಂದು, ಅದೇ ಪ್ರಾಂತ್ಯಕ್ಕೆ ಚಂಡಮಾರುತ ಬಡಿಯಿತು. ಪ್ರವಾಹಕ್ಕೆ, ಭೂಕುಸಿತಕ್ಕೆ ಇನ್ನೂ 2,000 ಜನ ಹೋದರು. ಬಾಂಬ್ ಗಾಯಾಳುಗಳಿದ್ದ ಒಂದು ಆಸ್ಪತ್ರೆಯೂ ಕೊಚ್ಚಿಹೋಯಿತು. 2014ರ ಆಗಸ್ಟ್‌ನಲ್ಲಿ ಅದೇ ನಗರದ ಅಂಚಿನಲ್ಲಿ, ಗುಡ್ಡದ ಬುಡಕ್ಕೆ ಹಬ್ಬಿದ್ದ ಬಡಾವಣೆಗಳ ಮೇಲೆ ಮಣ್ಣು ಇಳಿದು 70ಕ್ಕೂ ಹೆಚ್ಚು ಜನ ಸತ್ತರು. ಅಣುಬಾಂಬ್ ನೆನಪಿಟ್ಟುಕೊಂಡ ಊರು ಗುಡ್ಡವನ್ನು ಅಷ್ಟು ನೆನಪಿಟ್ಟುಕೊಳ್ಳಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: 2018ರ ಜುಲೈನಲ್ಲಿ ಕೊಡಗಿನಲ್ಲಿ ಭೂಮಿ ನಡುಗಿತ್ತು. ಆಗಸ್ಟ್‌ನ ಕುಸಿತಕ್ಕೆ ಅದೇ ಕಾರಣ ಅಂತಾರೆ. ನಿಜವಾ?
— ಬೆಳೆಗಾರರು, ಸೋಮವಾರಪೇಟೆ

ಉತ್ತರ: ಆ ಕಂಪನ ತೀರಾ ಸಣ್ಣದು. ಬೆಟ್ಟ ಜಾರಿದ್ದು ವಾರಗಟ್ಟಲೆ ನೀರು ಕುಡಿದ ಮಣ್ಣಿನ ಮೇಲೆ ಮತ್ತೆ ಭಾರೀ ಮಳೆ ಸುರಿದದ್ದಕ್ಕೆ. ಮನೆಗೆ, ರಸ್ತೆಗೆ, ಹೋಂಸ್ಟೇಗೆ ಅಂತ ಬುಡ ಕಡಿದಿದ್ದ ಕಡೆ ಅದು ಸುಲಭವಾಗಿ ಜಾರಿತು. ಭೂಕಂಪದ ಮೇಲೆ ಹಾಕಿದರೆ ಜೆಸಿಬಿ ತಂದವರಿಗೆ ಸಮಾಧಾನ, ಅಷ್ಟೇ. ನಿಮ್ಮ ಮನೆ ಹಿಂದೆ ಬರೆ ಕಡಿದಿದ್ದರೆ ಮೇ ತಿಂಗಳಲ್ಲೇ ಅದರ ಮೇಲಿನ ಚರಂಡಿ ಬಿಡಿಸಿ. ನೀರು ಬರೆಯೊಳಗೆ ಇಳಿಯದೆ ಪಕ್ಕಕ್ಕೆ ಹರಿಯಬೇಕು.