ನುಂಗಿಕೊಂಡ ದುಃಖ ಎಲ್ಲಿಗೆ ಹೋಗುತ್ತದೆ?

ಸಿಂಧನೂರಿನ ಓದುಗರೊಬ್ಬರ ಪತ್ರ: "ಅವ್ವ ಹೋಗಿ ಎಂಟು ತಿಂಗಳಾಯಿತು. ಒಂದು ಹನಿ ಕಣ್ಣೀರು ಹಾಕಿಲ್ಲ. ಹಿರಿಮಗ, ಗಟ್ಟಿಯಾಗಿರು ಅಂದರು. ಇದ್ದೇನೆ. ಆದರೆ ಹೆಂಡತಿ, 'ನೀವು ಮನ್ಯಾಗ ಇದ್ದರೂ ಇಲ್ಲದಂಗ ಇರತೀರಿ' ಅನ್ನುತ್ತಾಳೆ. ನುಂಗಿಕೊಂಡಿದ್ದು ತಪ್ಪಾ?"

ಸಂಪಾದಕರ ಉತ್ತರ:

ತಪ್ಪಲ್ಲ. ಸಾವಿನ ಮನೆಯಲ್ಲಿ ಯಾರಾದರೂ ಒಬ್ಬರು ಗಟ್ಟಿಯಾಗಿ ನಿಲ್ಲಲೇಬೇಕು, ನೀವು ನಿಂತಿರಿ. ಅಳು ಬರಲಿಲ್ಲ ಅಂದರೆ ಪ್ರೀತಿ ಕಡಿಮೆ ಅಂತಲೂ ಅಲ್ಲ. ನನಗೆ ಚಿಂತೆ ಹತ್ತಿದ್ದು ನಿಮ್ಮ ಹೆಂಡತಿಯ ಮಾತು ಓದಿ.

ಮುಖದಲ್ಲಿ ತೋರಿಸದಿದ್ದರೆ ಒಳಗೂ ತಣ್ಣಗಾಗುತ್ತದೆ ಅಂದುಕೊಳ್ಳುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1993ರಲ್ಲಿ ಕೆಲವರಿಗೆ ನೋಡಲಾಗದಂಥ ಚಿತ್ರ ತೋರಿಸಿ, ಮುಖದಲ್ಲಿ ಏನೂ ಕಾಣಬಾರದು ಎಂದಿದ್ದರು. ಮುಖ ಸುಮ್ಮನಿತ್ತು. ಅಸಹ್ಯವೇನೂ ಕಡಿಮೆಯಾಗಲಿಲ್ಲ, ಒಳಗಿನ ಒತ್ತಡಕ್ಕೆ ಬೆರಳು ಮಾತ್ರ ಜಾಸ್ತಿ ಬೆವರಿದವು. 2003ರಲ್ಲಿ ಗ್ರಾಸ್ ಮತ್ತು ಜೊತೆಗಾರರು ಇಬ್ಬಿಬ್ಬರು ಹೆಂಗಸರನ್ನು ಮಾತಿಗೆ ಕೂರಿಸಿದರು. ಒಬ್ಬಳು ಮನಸ್ಸಿನಲ್ಲಿದ್ದದ್ದನ್ನು ಬಚ್ಚಿಟ್ಟರೆ, ಎದುರು ಕೂತವಳ ರಕ್ತದೊತ್ತಡ ಏರಿತು. ನಿಮ್ಮ ಹೆಂಡತಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ನಮ್ಮಪ್ಪ ತೀರಿಕೊಂಡಾಗ ನಾನೂ ಬಂದವರಿಗೆ ಚಾಪೆ ಹಾಸುತ್ತಾ ಓಡಾಡುತ್ತಿದ್ದೆ. ಹೊಲದ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರು ಅಪ್ಪನ ತಲೆಯ ಹತ್ತಿರ ಕೂತು ಹಾಡ್ಯಾಡಿ ಅಳತೊಡಗಿದರು. "ಹತ್ತಿ ಬಿಡಿಸುವಾಗ ನಿನ್ನ ತಂಬಿಗಿ ನೀರು ನನಗ ಕೊಟ್ಟ್ಯಲ್ಲೋ, ಇನ್ನ ನೀರಡಿಸೇತೇನ್ ಅಂತ ಯಾರು ಕೇಳತಾರೋ..." ಆ ತಂಬಿಗೆ ನನಗೆ ಗೊತ್ತು. ಹಿತ್ತಾಳೆಯದು, ಒಂದು ಬದಿ ನೆಗ್ಗಿತ್ತು. ಚಾಪೆ ಕೈಯಲ್ಲಿ ಹಿಡಿದವನು ಅಲ್ಲೇ ಕೂತುಬಿಟ್ಟೆ.

ನಮ್ಮ ಕಡೆ ಹೆಂಗಸರಿಗೆ ಹೀಗೆ ಹೇಳಿಕೊಂಡು ಅಳುವ ದಾರಿ ಇದೆ. ಗಂಡಸರಿಗೆ ಅದನ್ನು ಯಾರೂ ಕಲಿಸಲಿಲ್ಲ. ಇದು ನನಗೆ ಈಗಲೂ ಬೇಜಾರಿನ ಸಂಗತಿ. ಹಾಡಲು ಬಾರದಿದ್ದರೆ ಬರೆಯಬಹುದು. ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ದೊಡ್ಡ ನೋವನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಯಿತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಹಾಗಾಗಿ ಮೊದಲ ದಿನ ಸಂಕಟ ಹೆಚ್ಚಾದರೆ ಹೆದರಬೇಡಿ. ತೀರಾ ತಡೆಯಲಾಗದಿದ್ದರೆ ಬಿಟ್ಟುಬಿಡಿ, ಬಲವಂತ ಬೇಡ.

ನಿದ್ದೆ, ಊಟ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪತ್ರದ ಕೊನೆಗೆ ಅವ್ವ ಮಾಡುತ್ತಿದ್ದ ಪುಂಡಿಪಲ್ಯದ ಬಗ್ಗೆ ಅರ್ಧ ಸಾಲು ಬರೆದು ಗೀಟು ಹೊಡೆದಿದ್ದೀರಿ. ಇವತ್ತು ರಾತ್ರಿ ಆ ಸಾಲು ಮುಗಿಸಿ. ಆಮೇಲೆ ನಿಮ್ಮ ಮನೆಯವರಿಗೆ ಓದಿ ಹೇಳಿ.