ಬಲೆಗೆ ವೈರಭಾವ ಉಂಟೇ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: ‘ಕಳೆದ ಸಂಚಿಕೆಯ ಮೀನುಗಾರಿಕೆ ಲೇಖನದಲ್ಲಿ “ಸಣ್ಣ ಕಣ್ಣಿನ ಬಲೆಗಳು ಮೀನಿನ ಸಂತತಿಯ ಮೇಲೆ ವೈರಭಾವ ಹೊಂದಿವೆ” ಎಂದಿದೆ. ಇದು ಇಂಗ್ಲಿಷಿನ “ಇನಿಮಿಕಲ್” ಪದದ ಅನುವಾದವೇ? ಅದಕ್ಕೂ “ಹಾಸ್ಟೈಲ್” ಎಂಬುದಕ್ಕೂ ವ್ಯತ್ಯಾಸವೇನು?’

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಊಹೆ ಸರಿ. ಮೂಲದಲ್ಲಿದ್ದದ್ದು ಆ ಪದವೇ. ಅನುವಾದವನ್ನು ತಿದ್ದದೆ ಅಚ್ಚಿಗೆ ಕಳುಹಿಸಿದ್ದು ನನ್ನ ತಪ್ಪು.

ಲ್ಯಾಟಿನ್ನಿನಲ್ಲಿ ‘ಅಮೀಕುಸ್’ ಎಂದರೆ ಸ್ನೇಹಿತ. ಅದಕ್ಕೆ ನಿಷೇಧದ ‘ಇನ್’ ಸೇರಿ ‘ಇನಿಮೀಕುಸ್’ ಆಯಿತು. ನಮ್ಮ ‘ಅಮಿತ್ರ’ದ ರಚನೆಯೂ ಹೀಗೆಯೇ; ಮಿತ್ರನಲ್ಲದವನು ಎಂದು ಬಿಡಿಸಬಹುದಾದರೂ ಅದರ ಅರ್ಥ ಶತ್ರು. ರೋಮನ್ನರು ಸ್ವಂತ ಹಗೆಯವನನ್ನು ಇನಿಮೀಕುಸ್ ಎಂದೂ ನಾಡಿನ ಶತ್ರುವನ್ನು ‘ಹೋಸ್ಟಿಸ್’ ಎಂದೂ ಕರೆಯುತ್ತಿದ್ದರು. ಹಾಸ್ಟೈಲ್ ಹುಟ್ಟಿದ್ದು ಈ ಎರಡನೆಯದರಿಂದ. ಆದರೆ ಬಳಕೆ ವ್ಯುತ್ಪತ್ತಿಯ ಹಿಂದೆಯೇ ಹೋಗುವುದಿಲ್ಲ. ಇಂದಿನ ಇಂಗ್ಲಿಷಿನಲ್ಲಿ ಎದುರು ನಿಂತ ಮನುಷ್ಯನಿಗೆ, ಅವನ ಮಾತಿಗೆ, ನೋಟಕ್ಕೆ ಸಹಜವಾಗಿ ಒಪ್ಪುವುದು ಹಾಸ್ಟೈಲ್. ಇನಿಮಿಕಲ್ ಹೆಚ್ಚಾಗಿ ಒಂದು ಸ್ಥಿತಿಯೋ ನೀತಿಯೋ ಪದ್ಧತಿಯೋ ಮತ್ತೊಂದರ ಏಳಿಗೆಗೆ ಅಡ್ಡಿಯಾಗುವುದನ್ನು ಹೇಳುತ್ತದೆ. ಯಾವುದಕ್ಕೆ ಅಡ್ಡಿ ಎಂಬುದೂ ಸಾಮಾನ್ಯವಾಗಿ ಅದರ ಬೆನ್ನಿಗೇ ಬರುತ್ತದೆ. ಅಲ್ಲಿ ದ್ವೇಷ ಇರಲೇಬೇಕೆಂದಿಲ್ಲ, ಕೇಡು ಇದ್ದರೆ ಸಾಕು.

ಕನ್ನಡದಲ್ಲಿ ವೈರ, ಹಗೆ ಎಂಬ ಮಾತುಗಳು ಒಂದು ಮನಸ್ಸನ್ನು ಬೇಡುತ್ತವೆ. ಬಲೆಗೆ ಮನಸ್ಸಿಲ್ಲ. ಇಲ್ಲಿ ‘ಪ್ರತಿಕೂಲ’ ಹೊಂದುತ್ತಿತ್ತು. ಕೂಲವೆಂದರೆ ದಡ, ದಡವನ್ನು ಅನುಸರಿಸಿದ್ದು ಅನುಕೂಲ, ಅದಕ್ಕೆದುರಾದದ್ದು ಪ್ರತಿಕೂಲ. ನೇತ್ರಾವತಿಯಲ್ಲಿ ದೋಣಿ ನಡೆಸಿದವರಿಗೆ ಈ ಎರಡು ಪದಗಳ ಅಂತರವನ್ನು ನಿಘಂಟು ಕಲಿಸಬೇಕಾಗಿಲ್ಲ. ನ್ಯಾಯಾಲಯದ ವರದಿಗಳಲ್ಲಿ ‘ಹಾಸ್ಟೈಲ್ ವಿಟ್ನೆಸ್’ ಎಂಬುದನ್ನು ‘ಪ್ರತಿಕೂಲ ಸಾಕ್ಷಿ’ ಎನ್ನುವುದೂ ಇದೇ ಕಾರಣಕ್ಕೆ ನನಗೆ ಮೆಚ್ಚುಗೆ: ಆ ಸಾಕ್ಷಿಗೆ ಯಾರ ಮೇಲೂ ಹಗೆ ಇರಬೇಕೆಂದಿಲ್ಲ, ಕರೆತಂದ ಪಕ್ಷದ ವಿರುದ್ಧ ಅವನ ಹೇಳಿಕೆ ತಿರುಗಿರುತ್ತದೆ, ಅಷ್ಟೆ.

‘ಮಾರಕ’ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಲೆಗೆ ಸಿಕ್ಕ ಮೀನಿಗೆ ಎಲ್ಲ ಬಲೆಯೂ ಮಾರಕವೇ. ನಮ್ಮ ಲೇಖನ ಹೇಳಹೊರಟದ್ದು ಬೇರೆ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ದೋಣಿಗಳನ್ನು ದಡದಲ್ಲಿ ನಿಲ್ಲಿಸಿ ಮೊಟ್ಟೆಯಿಡಲು ಬಿಟ್ಟ ಮೀನಿನ ಮರಿಗಳನ್ನು, ಅವು ಬೆಳೆದು ಮತ್ತೆ ಮೊಟ್ಟೆಯಿಡುವ ಮೊದಲೇ ಸಣ್ಣ ಕಣ್ಣಿನ ಬಲೆ ಬಾಚಿಕೊಳ್ಳುತ್ತದೆ ಎಂಬುದನ್ನು. ಆದ್ದರಿಂದ ಆ ವಾಕ್ಯವನ್ನು ಹೀಗೆ ತಿದ್ದಿ ಓದಿಕೊಳ್ಳಬೇಕೆಂದು ಕೋರುತ್ತೇನೆ: ‘ಸಣ್ಣ ಕಣ್ಣಿನ ಬಲೆಗಳಿಂದ ಮೀನಿನ ಸಂತತಿಗೆ ಕೇಡು.’